ಎಡಕ್ಕೆ ತಿರುಗಿದಾಗ

ಸದ್ದು ಬರುವ ಮೊದಲೇ ಕ್ಲೀಸನ್ ಬ್ರೂಬೇಕರ್ ಅದಕ್ಕಾಗಿ ಕಿವಿಗೊಟ್ಟು ಕುಳಿತಿದ್ದ. ಮೇವಿನ ಗಿರಣಿಯ ಅಂಗಳದಿಂದ ಹೊರಬಿದ್ದರೆ ಮನೆಗೆ ಎಡಕ್ಕೆ ಹೊರಳಬೇಕು. ಬಲಕ್ಕೆ ಹೊರಳಿ ಮೇಪಲ್ ತೋಪನ್ನು ಸುತ್ತು ಹಾಕಿಕೊಂಡೂ ಹೋಗಬಹುದು, ಬರುವಾಗ ಹಾಗೆಯೇ ಬಂದಿದ್ದರು, ರಸ್ತೆ ಕೆಸರಾಗಿದೆ ಎಂದು ಅವನು ಹೇಳಿದ್ದ. ಮತ್ತೆ ಸುತ್ತು ಹಾಕಿದರೆ ಪಕ್ಕದಲ್ಲಿ ಕುಳಿತ ಹೆಂಡತಿಗೆ ಮತ್ತೊಂದು ಕಾರಣ ಹೇಳಬೇಕು, ಈ ವಾರ ಕಾರಣ ಹೇಳಿ ಹೇಳಿ ಅವನಿಗೇ ಸಾಕಾಗಿತ್ತು. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ. ಅರ್ಧ ಸುತ್ತಿನವರೆಗೆ ಏನೂ ಇಲ್ಲ. ಆಮೇಲೆ ತಗಡಿನ ಮೇಲೆ ಉಗುರು ಗೀರಿದ ಹಾಗೆ ಒಂದು ಕೆರೆತ, ಅದರ ಬೆನ್ನಿಗೇ ಟಿಕ್ ಎಂದು ಒಂದು ಪೆಟ್ಟು. ಚಕ್ರ ನೇರವಾಗುವಾಗ ಮತ್ತೆ ಕೆರೆತ, ಮತ್ತೆ ಟಿಕ್.

"ಬಂತು," ಅಂದಳು ಆಲ್ಮೀಡಾ. ನೆಂಟರು ಬಂದರು ಎನ್ನುವ ಹಾಗೆ, ಅಷ್ಟೇ ಸಹಜವಾಗಿ.

ಅವನಿಗೆ ಮೊದಲು ಆದದ್ದು ಸಂತೋಷ. ಸದ್ದು ಇದೆ, ಇನ್ನೊಬ್ಬರ ಕಿವಿಗೂ ಬಿದ್ದಿದೆ, ಆದ್ದರಿಂದ ತಾನು ಹೇಳಿದ್ದು ಸುಳ್ಳಲ್ಲ. ಆಮೇಲೆ, ಗಿರಣಿ ಕಣ್ಮರೆಯಾಗುವುದರೊಳಗೆ, ಆ ಸಂತೋಷಕ್ಕೆ ನಾಚಿಕೆಯಾಯಿತು. ಕೆಟ್ಟ ಕಾರು ಕೊಂಡುಕೊಂಡೆ ಎಂದು ಹಿಗ್ಗುವ ಗಂಡಸು ಈ ಕೌಂಟಿಯಲ್ಲಿ ತಾನೊಬ್ಬನೇ ಇರಬೇಕು. ರಸ್ತೆಯ ಎರಡೂ ಬದಿ ಚರಂಡಿಗಳಲ್ಲಿ ಹಳೆಯ ಹಿಮ ಕೊಳೆಯಾಗಿ ಬಿದ್ದಿತ್ತು. ಮುಂದೆ, ಕಾರನ್ನೇ ಮುಟ್ಟದ ಹಳೇ ಪದ್ಧತಿಯವರ ಕುದುರೆಗಾಡಿಯೊಂದು ಹೋಗುತ್ತಿತ್ತು; ಅದನ್ನು ದಾಟಬೇಕಾದರೂ ಎಡಕ್ಕೆ ಎಳೆಯಬೇಕಲ್ಲ ಎಂದು ಅವನು ಕುದುರೆಯ ನಡಿಗೆಗೇ ಕಾರನ್ನು ಇಳಿಸಿ ಹಿಂದೆ ಹಿಂದೆ ಹೋದ. ಆಲ್ಮೀಡಾ ಏನೂ ಅನ್ನಲಿಲ್ಲ. ಅವಳ ಏನೂ ಅನ್ನದಿರುವಿಕೆಯಲ್ಲಿ ಎಷ್ಟೋ ಬಗೆಗಳಿದ್ದವು, ಮದುವೆಯಾದಂದಿನಿಂದ ಅವನು ಅವನ್ನು ಕಲಿಯುತ್ತಲೇ ಇದ್ದ, ಇದು ಯಾವ ಬಗೆಯದೆಂದು ಈ ವಾರ ಮಾತ್ರ ತಿಳಿಯುತ್ತಿರಲಿಲ್ಲ.

ಕಾರು ಬಂದದ್ದು ಆರ್ವೀ ಮೆಟ್ಸ್‌ಗರನ ಅಂಗಳದಿಂದ. ಆರ್ವೀ ಅವರ ಕ್ರೈಸ್ತ ಸಭೆಯವನೇ, ಅವನಿಗಿಂತ ಹಿರಿಯ, ಪಟ್ಟಣದ ಹರಾಜಿನಲ್ಲಿ ಹಳೆಯ ಕಾರುಗಳನ್ನು ಹಿಡಿದು, ಅಡಿಯಿಂದ ಮುಡಿಯವರೆಗೆ ನೋಡಿ, ಮೈಗೂ ಹೊಳೆಯುವ ಬಂಪರುಗಳಿಗೂ ಕಪ್ಪು ಬಳಿದು, ರೇಡಿಯೋ ಕಿತ್ತು, ಸಭೆಯವರಿಗೆ ಮಾರುವವನು. ಹೊಳಪೂ ಬೇಡ, ಹಾಡೂ ಬೇಡ, ಹೋಗಿ ಬರುವುದಕ್ಕೆ ಗಾಲಿ ಇದ್ದರೆ ಸಾಕು ಎನ್ನುವುದು ಸಭೆಯ ಕಟ್ಟು. ಆರ್ವೀ ಕೊಟ್ಟ ಗಾಡಿ ದಾರಿಯಲ್ಲಿ ನಿಂತಿತೆಂದು ಯಾರೂ ಕೇಳಿದವರಿಲ್ಲ. ಅವತ್ತು ಬಣ್ಣ ಒಣಗಿತ್ತು, ರೇಡಿಯೋ ಮಾತ್ರ ಉಳಿದಿತ್ತು. ನಾಳೆವರೆಗೆ ಬಿಟ್ಟು ಹೋಗು, ತೆಗೆದಿಡುತ್ತೇನೆ ಎಂದಿದ್ದ ಆರ್ವೀ. ಬಡಗಿ ಕೆಲಸದವನಿಗೆ ನಾಲ್ಕು ತಿರುಪು ಬಿಚ್ಚುವುದು ಏನು ದೊಡ್ಡದು, ನಾನೇ ತೆಗೆದುಕೊಳ್ಳುತ್ತೇನೆ ಎಂದಿದ್ದ ಕ್ಲೀಸನ್. ಆರ್ವೀ ಸ್ವಲ್ಪವಾದರೂ ಕೇಳುವ ಒಂದು ಕಿವಿಯನ್ನು ಅವನ ಕಡೆಗೆ ತಿರುಗಿಸಿದವನು ಹಾಗೇ ಕಣ್ಣನ್ನೂ ತಿರುಗಿಸಿ, ಒಂದು ಗಳಿಗೆ ನೋಡಿ, "ದಾರಿ ಉದ್ದ ಇದೆ ಕಣಪ್ಪ," ಎಂದು ಕೀಲಿ ಕೊಟ್ಟಿದ್ದ. ಯಾಕೆ ಹಾಗೆಂದ? ಹುಷಾರಾಗಿ ಹೋಗು ಎಂದೋ, ಅಥವಾ ಬೇರೆ ಏನೋ? ಅವತ್ತಿನಿಂದ ಆ ಮಾತು ಕ್ಲೀಸನ್ನನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

ಅವತ್ತು ಸೇತುವೆ ದಾಟುವವರೆಗೆ ಅವನು ರೇಡಿಯೋದ ಗುಂಡಿ ಒತ್ತಲಿಲ್ಲ. ದಾಟಿದ ಮೇಲೆ, ಕೆಲಸ ಮಾಡುತ್ತದೋ ಇಲ್ಲವೋ ನೋಡಿಬಿಡೋಣ, ಕೀಳುವುದಕ್ಕೆ ಅನುಕೂಲವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಒತ್ತಿದ. ಕೆಲಸ ಮಾಡದ ರೇಡಿಯೋಗಿಂತ ಕೆಲಸ ಮಾಡುವ ರೇಡಿಯೋ ಕೀಳುವುದು ಹೇಗೆ ಸುಲಭ ಎಂದು ಅವನು ಕೇಳಿಕೊಳ್ಳಲಿಲ್ಲ. ಬೇಸ್‌ಬಾಲ್ ಬರುತ್ತಿತ್ತು. ಹಾಡು ಬಂದಿದ್ದರೆ, ಪೇಟೆ ಸುದ್ದಿ ಬಂದಿದ್ದರೆ, ಆರಿಸಿಬಿಡುತ್ತಿದ್ದ ಎಂದು ಅವನು ಇವತ್ತಿಗೂ ನಂಬಿದ್ದಾನೆ. ಬೇಸ್‌ಬಾಲ್ ಅವನಿಗೆ ಗೊತ್ತಿದ್ದ ಆಟ, ಸಭೆಯ ಶಾಲೆಯ ಹಿಂದಿನ ಬಯಲಿನಲ್ಲಿ ಊಟದ ಹೊತ್ತಿಗೆ ಅವನು ಎಸೆದ ಚೆಂಡನ್ನು ದೊಡ್ಡ ಹುಡುಗರೂ ಹೊಡೆಯಲಾರದೆ ಬೆಪ್ಪಾಗುತ್ತಿದ್ದರು. ರೇಡಿಯೋದವನು ಆಡುತ್ತಿದ್ದುದು ಆ ಬಯಲಿನ ಮಾತು. ಒಂದೊಂದು ಮಾತಿಗೂ ಕ್ಲೀಸನ್ನನ ಬಲ ಭುಜ ತಾನಾಗಿ ಅಲುಗುತ್ತಿತ್ತು. ಮನೆ ಹತ್ತಿರ ಬಂತು, ಆಟ ಮುಗಿಯಲಿಲ್ಲ. ಮನೆಯ ದಾರಿಗೆ ಹೊರಳದೆ ಅವನು ಸಭಾಮನೆಯ ಹಿಂದಕ್ಕೆ ಹೋಗಿ, ಕುದುರೆಗಳನ್ನು ಕಟ್ಟುವ ಉದ್ದನೆಯ ಮಾಡಿನೊಳಗೆ ಕಾರನ್ನು ನುಗ್ಗಿಸಿ ನಿಲ್ಲಿಸಿದ. ಅಲ್ಲಿಗೆ ಗಾಳಿ ಬರುವುದಿಲ್ಲ. ರಸ್ತೆಯಿಂದ ಕಾಣುವುದೂ ಇಲ್ಲ. ಎರಡನೆಯದನ್ನು ಅವನು ಆಗ ಯೋಚಿಸಲಿಲ್ಲ, ಕಾಲುಗಳು ಯೋಚಿಸಿದವು. ಅಪ್ಪ ಕುದುರೆ ಕಟ್ಟುತ್ತಿದ್ದ ಗೂಟದ ಎದುರಿಗೆ ಕುಳಿತು ಅವನು ಪೂರ್ತಿ ಕೇಳಿದ. ಗೆಲ್ಲುತ್ತಿದ್ದ ನಮ್ಮವರು ಕೊನೆಯ ಸರದಿಯಲ್ಲಿ ಕೈಗೆ ಬಂದ ಚೆಂಡನ್ನು ಜಾರಿಸಿ ಸೋತರು. ನಮ್ಮವರು! ಆ ಊರಿನ ತಂಡದ ಒಬ್ಬನ ಹೆಸರೂ ಅವನಿಗೆ ಗೊತ್ತಿರಲಿಲ್ಲ, ಆದರೂ ತಾನೇ ಚೆಂಡು ಜಾರಿಸಿದವನ ಹಾಗೆ ಅಂಗೈ ನೋಡಿಕೊಂಡ.

ಮನೆಗೆ ಬಂದಾಗ ಸಾರು ಆರಿ ಕೆನೆಗಟ್ಟಿತ್ತು. ಯಾಕೆ ಇಷ್ಟು ತಡ ಎಂದಳು ಆಲ್ಮೀಡಾ, ಬೈಯುವುದಕ್ಕಲ್ಲ, ಕೇಳಬೇಕಲ್ಲ ಎಂದು. ಸ್ಟಿಯರಿಂಗಿನಲ್ಲಿ ಏನೋ ಸದ್ದು ಬಂತು, ನಿಧಾನಕ್ಕೆ ಓಡಿಸಿಕೊಂಡು ಬಂದೆ ಎಂದ. ಅಷ್ಟು ಸಲೀಸಾಗಿ ಬಾಯಿಂದ ಬಂದ ಸುಳ್ಳು ಅವನ ಜನ್ಮದಲ್ಲೇ ಇರಲಿಲ್ಲ. ಉಂಡವನೇ ದೀಪ ಹಚ್ಚಿಕೊಂಡು ಕೊಟ್ಟಿಗೆಗೆ ಹೋಗಿ ರೇಡಿಯೋ ಕಿತ್ತ. ಮುಂದಿನ ತಿರುಪುಗಳನ್ನು ಬಿಚ್ಚಿದ, ಹಿಂದಿನವಕ್ಕೆ ಕೈ ಹೋಗಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಒಳಗೆಲ್ಲೋ ಚಟಚಟ ಎಂದು ಏನೇನೋ ಬಿಟ್ಟುಕೊಂಡವು. ಕತ್ತರಿಸಬೇಕಾದ್ದನ್ನು ಕತ್ತರಿಸಿ, ಪೆಟ್ಟಿಗೆಯನ್ನು ಹೊಟ್ಟಿನ ಪೀಪಾಯಿಯ ತಳಕ್ಕೆ ತುರುಕಿ, ಉಳಿದ ತೂತಿಗೆ ಒಂದು ಮೇಪಲ್ ಹಲಗೆಯನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಿ ಕಪ್ಪು ಬಳಿದ. ಹಲಗೆಗೆ ತೋರಿದ ನಾಜೂಕಿನಲ್ಲಿ ಕಾಲುಭಾಗವನ್ನು ಕೀಳುವುದಕ್ಕೆ ತೋರಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮರುದಿನ ಬೆಳಗ್ಗೆ ಮನೆಯ ದಾರಿಯ ತುದಿಯಲ್ಲಿ ಎಡಕ್ಕೆ ಹೊರಳಿದಾಗ, ಕೆರೆತ, ಟಿಕ್. ಅವನು ಗಕ್ಕನೆ ಕಾರು ನಿಲ್ಲಿಸಿದ್ದ. ಎತ್ತು ಈಯಿತು ಎಂದು ಊರಿಗೆಲ್ಲ ಹೇಳಿದವನು ಹಟ್ಟಿಗೆ ಹೋಗಿ ನೋಡಿದರೆ ನಿಜವಾಗಿಯೂ ಕರು ನಿಂತಿದ್ದ ಹಾಗಾಗಿತ್ತು. ರೇಡಿಯೋ ಕಿತ್ತದ್ದಕ್ಕೂ ಇದಕ್ಕೂ ಏನಾದರೂ ಸಂಬಂಧ ಇರಬಹುದೇ ಎಂಬ ಯೋಚನೆ ಆಮೇಲೆ ಒಂದೆರಡು ಸಲ ಬಾಗಿಲವರೆಗೆ ಬಂದಿತ್ತು. ಅವನು ಒಳಕ್ಕೆ ಕರೆಯಲಿಲ್ಲ.

"ಮೊನ್ನೆ ಹೊಲಿಗೇಲಿ ಲೊವೈನಾ ಸೂಜಿ ಕೆಳಗಿಟ್ಬಿಟ್ಲು," ಅಂದಳು ಆಲ್ಮೀಡಾ, ಕುದುರೆಗಾಡಿ ಪಕ್ಕದ ಹೊಲಕ್ಕೆ ಇಳಿದು ದಾರಿ ಬಿಟ್ಟ ಮೇಲೆ. ಲೊವೈನಾ ಆರ್ವೀಯ ಹೆಂಡತಿ. ಕೌದಿಯ ಸುತ್ತ ಹೆಂಗಸರೆಲ್ಲ ಕುಳಿತಿದ್ದಾಗ ಹೊಸ ಕಾರು ಹೇಗಿದೆ ಎಂದು ಯಾರೋ ಕೇಳಿದ್ದರು, ಇವಳು ಸ್ಟಿಯರಿಂಗಿನಲ್ಲಿ ಸದ್ದು ಬರುತ್ತದಂತೆ ಎಂದು ಇದ್ದದ್ದನ್ನು ಹೇಳಿದ್ದಳು. "ಹೇಳ್ಬಾರ್ದಿತ್ತೇನೋ. ಕೇಳಿದ್ರು, ಹೇಳ್ದೆ. ನೀನೇ ಹೇಳಿದ್ಯಲ್ಲ."

"ನಾನು ಸದ್ದು ಅಂದೆ ಅಷ್ಟೆ. ಕೆಟ್ಟಿದೆ ಅಂದ್ನಾ?"

"ಸದ್ದು ಅಂದ್ರೆ ಕೆಟ್ಟಿದೆ ಅಂತಾನೇ. ಇವತ್ತು ಹೋಗಿ ಅವನ ಹತ್ರ ಮಾತಾಡು. ನಾಳೆ ಬೆಳಗ್ಗೆ ಏನಂತ ಹೇಳ್ತೀಯ ಒಳಗೆ?"

ನಾಳೆ ಕೇಳುವ ದಿನ. ವಸಂತದ ರೊಟ್ಟಿ-ಪಾತ್ರೆಯ ಪವಿತ್ರ ಭೋಜನಕ್ಕೆ ಮೊದಲು ಸಭೆಯ ಒಬ್ಬೊಬ್ಬರೂ ಪಕ್ಕದ ಸಣ್ಣ ಕೋಣೆಗೆ ಹೋಗಿ, ಹಿರಿಯರ ಮುಂದೆ ನಿಂತು, ದೇವರೊಂದಿಗೂ ಎಲ್ಲ ಮನುಷ್ಯರೊಂದಿಗೂ ಸಮಾಧಾನದಿಂದಿದ್ದೇನೆ ಎಂದು ಹೇಳಿ ಬರಬೇಕು. ಹೇಳಲಾರದವನು ಒಬ್ಬನಿದ್ದರೂ ಎಲ್ಲರ ರೊಟ್ಟಿಯೂ ನಿಲ್ಲುತ್ತದೆ. ಕ್ಲೀಸನ್ ಸಣ್ಣವನಾಗಿದ್ದಾಗ ಬೇಲಿಯ ಜಗಳದಲ್ಲಿ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟು ಒಂದು ವಸಂತ ಹಾಗೇ ಹೋಗಿತ್ತು. ಇವತ್ತಿಗೂ ಮುದುಕರು ಅದನ್ನು ಬೇಲಿಯ ವರ್ಷ ಎಂದೇ ಕರೆಯುತ್ತಾರೆ. ಆ ಅಣ್ಣತಮ್ಮಂದಿರು ಸತ್ತು ಮಣ್ಣಾದರೂ ಬೇಲಿ ಸಾಯಲಿಲ್ಲ. ಇನ್ನು ಸ್ಟಿಯರಿಂಗಿನ ವರ್ಷ ಎಂದೂ ಒಂದಾಗಬಹುದು. ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಆಯಿತು, ಊಟ ಆದ ಮೇಲೆ ಹೋಗುತ್ತೇನೆ ಎಂದ. ಹೋದರೆ ಆರ್ವೀ ಆ ಕಣ್ಣಿನಿಂದ ಮತ್ತೆ ನೋಡುತ್ತಾನೆ.

ಮನೆಗೆ ಬಂದವನೇ ಮೂಟೆ ಇಳಿಸಿ, ಕಾರಿನ ಮುಂಭಾಗವನ್ನು ಜಾಕಿನ ಮೇಲೆತ್ತಿ ತಾನೇ ನೋಡತೊಡಗಿದ. ಏನಾದರೊಂದು ಸವೆದಿರಲಿ ಎಂದು ಅವನು ಬೇಡಿಕೊಳ್ಳುತ್ತಿದ್ದ. ಒಂದು ಕೀಲು, ಒಂದು ಬೇರಿಂಗು, ಹರಿದ ಒಂದು ರಬ್ಬರು. ಅಂಥದ್ದೊಂದು ಸಿಕ್ಕಿದರೆ ಅದನ್ನು ಕೈಯಲ್ಲಿ ಹಿಡಿದು ಆರ್ವೀ ಎದುರಿಗೆ ನಿಲ್ಲಬಹುದು, ಹಿಡಿದ ಕೈ ಇರುವಾಗ ಮುಖ ಯಾರು ನೋಡುತ್ತಾರೆ? ಸ್ಟಿಯರಿಂಗಿನ ಎಣ್ಣೆ ಗೆರೆಯವರೆಗೆ ತುಂಬಿತ್ತು. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ, ಕಲ್ಲಿನ ಕಂಬದ ಹಾಗೆ ನಿಂತಿತು. ಅಡ್ಡ ಹಿಡಿದು ಅಲ್ಲಾಡಿಸಿದ. ಮರದ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ಕೇಳಿದ. ಕೀಲು ಕೀಲಿಗೂ ಹೊಸ ಗ್ರೀಸು, ಅಂಚಿಗೆ ಉಕ್ಕಿದ್ದನ್ನು ಯಾರೋ ಬಟ್ಟೆಯಿಂದ ಒರೆಸಿ ಕೂಡ ಇದ್ದರು. ಯಾರೂ ನೋಡದ ಜಾಗವನ್ನು ಒರೆಸುವ ಮನುಷ್ಯ! ಕ್ಲೀಸನ್ನನಿಗೆ ಸಿಟ್ಟು ಬಂತು. ಇಷ್ಟು ಗಟ್ಟಿಯಾದ ಕಾರನ್ನು ಕೊಟ್ಟ ಆರ್ವೀಯ ಮೇಲೆ, ಕೆಟ್ಟ ಕಾರು ಕೊಟ್ಟಿದ್ದರೂ ಬರುತ್ತಿರದಷ್ಟು ಸಿಟ್ಟು. ಎಂಟು ವರ್ಷದವನಾಗಿದ್ದಾಗ ಕ್ಲೀಸನ್ ಪಕ್ಕದ ಇಂಗ್ಲಿಷಿನವರ, ಅಂದರೆ ಸಭೆಯ ಹೊರಗಿನವರ, ಹಾಲಿನ ಮನೆಯ ಗೋಡೆಗೆ ಕಿವಿ ಹಚ್ಚಿ ನಿಂತಿದ್ದ; ಅವರು ಹಸು ಕರೆಯುವಾಗ ರೇಡಿಯೋ ಹಾಕುತ್ತಿದ್ದರು, ಅವರ ಹಸುಗಳಿಗೆ ನಮ್ಮ ಹಸುಗಳಿಗಿಂತ ಹೆಚ್ಚು ಲೋಕಜ್ಞಾನ ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಿದ್ದ. ಅಪ್ಪ ಹಿಂದಿನಿಂದ ಬಂದು ಅವನ ಕೈಯಲ್ಲಿದ್ದ ಬಕೆಟನ್ನು ತಾನು ತೆಗೆದುಕೊಂಡು ಮುಂದೆ ನಡೆದ. ಬೈಯಲಿಲ್ಲ. ಕಿವಿ ಹಿಂಡಲಿಲ್ಲ. ರಾತ್ರಿ ಊಟಕ್ಕೆ ಮೊದಲಿನ ಪ್ರಾರ್ಥನೆ ಮಾತ್ರ ದಿನಕ್ಕಿಂತ ಉದ್ದವಾಗಿತ್ತು, ಅಷ್ಟು ಹೊತ್ತೂ ಅಣ್ಣಂದಿರು ಕಣ್ಣು ಮುಚ್ಚಿಕೊಂಡೇ ಅವನ ಕಡೆಗೆ ನೋಡುತ್ತಿದ್ದರು. ಒಂದು ಏಟು ಬಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ಅವನು ಜಾಕನ್ನು ಇಳಿಸುತ್ತಿದ್ದಾಗ ಅಂಗಳಕ್ಕೆ ಕಪ್ಪು ಕಾರೊಂದು ಬಂತು, ಆರ್ವೀ ಮೆಟ್ಸ್‌ಗರ್ ಇಳಿದ.

ದೂರಿದವನು ಹೋಗುವ ಮೊದಲೇ ದೂರಿಸಿಕೊಂಡವನು ಬಂದಿದ್ದ. ನಿನ್ನ ಮೇಲೆ ಸಹೋದರನ ಮನಸ್ಸಿನಲ್ಲಿ ಏನೋ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನಲ್ಲಿಗೆ ಹೋಗು ಎಂಬ ಬೈಬಲಿನ ವಾಕ್ಯವನ್ನು ಸಭೆಯಲ್ಲಿ ಎಲ್ಲರೂ ಬಲ್ಲರು, ಹೋಗುವವರು ಕಡಿಮೆ. ಆರ್ವೀ ಡಿಕ್ಕಿಯಿಂದ ಗಾಲಿ ಹತ್ತಿಸುವ ಎರಡು ಮರದ ಇಳಿಜಾರುಗಳನ್ನೂ, ಹಳೆಯ ರಗ್ಗನ್ನೂ ಇಳಿಸಿ, ಟೋಪಿ ತೆಗೆದು, ಮೊದಲು ಮೆಟ್ಟಿಲ ಮೇಲಿದ್ದ ಆಲ್ಮೀಡಾಗೆ ತಲೆಬಾಗಿಸಿದ.

"ಲೊವೈನಾ ಹೇಳಿದ್ಲು. ನಿದ್ದೆ ಬರ್ಲಿಲ್ಲ ಕಣಪ್ಪ. ಮನಸ್ಸಲ್ಲಿ ಏನಾದ್ರೂ ಇಟ್ಕೊಂಡಿದ್ರೆ ಹೇಳ್ಬಿಡು, ನಾಳೆಗೆ ಬೇಡ."

ಇಟ್ಟುಕೊಂಡಿದ್ದೇನೂ ಇಲ್ಲ, ಸ್ವಲ್ಪ ಸದ್ದು ಅಷ್ಟೆ ಎಂದ ಕ್ಲೀಸನ್. ಆರ್ವೀ ಕೀಲಿ ಕೇಳಿ ತಾನೇ ಕುಳಿತ, ಕ್ಲೀಸನ್ ಪಕ್ಕದಲ್ಲಿ. ಬಾಗಿಲು ತೆಗೆದಾಗ ಒಳ ಅಂಚಿನಲ್ಲಿ ಕಾರಿನ ಹುಟ್ಟುಬಣ್ಣ, ಕಡುನೀಲಿ, ಒಂದು ಎಳೆ ಕಾಣುತ್ತಿತ್ತು. ಆರ್ವೀ ಹಲಗೆಯ ಮೇಲೆ ಬೆರಳಾಡಿಸಿ, ಚೆನ್ನಾಗಿ ಕೂಡಿಸಿದ್ದೀಯ, ಸಂದೇ ಇಲ್ಲ ಎಂದ.

"ಅವತ್ತೇ ಕಿತ್ತೆ. ಬಂದ ತಕ್ಷಣ," ಎಂದ ಕ್ಲೀಸನ್. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಕಳ್ಳ ಎಂದೂ ಯಾರೂ ಅನ್ನದೆ ಅವನ ಕೈ ಹೆಗಲಿಗೆ ಹೋಗಿತ್ತು.

ಆರ್ವೀ ಅಂಗಳದಲ್ಲಿ ಎಡಕ್ಕೆ ಎಡಕ್ಕೆ ಸುತ್ತು ಹೊಡೆದ. ಕೇಳುವ ಕಿವಿಯನ್ನು ಸ್ಟಿಯರಿಂಗಿನ ಕಡೆಗೆ ಬಾಗಿಸಿ, ಬಾಯಿ ಸ್ವಲ್ಪ ತೆರೆದು, ರೆಪ್ಪೆ ಹೊಡೆಯದೆ. ಸದ್ದು ಸುತ್ತು ಸುತ್ತಿಗೂ ಬರುತ್ತಿತ್ತು. ಕ್ಲೀಸನ್ನನಿಗೆ ಸುತ್ತಿಗೆಯ ಪೆಟ್ಟಿನ ಹಾಗೆ ಕೇಳುತ್ತಿತ್ತು, ಒಂದು ಗೇಣಿನಲ್ಲಿದ್ದ ಆರ್ವೀಗೆ ಕೇಳುತ್ತಿರಲಿಲ್ಲ. ವರ್ಷಗಟ್ಟಲೆ ಟ್ರ್ಯಾಕ್ಟರಿನ ಎಂಜಿನ್ನುಗಳ ಮೇಲೆ ಬಗ್ಗಿ ಒಂದು ಕಿವಿ ಪೂರ್ತಿ, ಇನ್ನೊಂದು ಅರ್ಧ ಹೋಗಿತ್ತು. ಈಗ ಬಂತಾ, ಈಗ ಬಂತಾ ಎಂದು ಕೇಳುತ್ತಿದ್ದ. ಹೂಂ ಎನ್ನುತ್ತಿದ್ದ ಕ್ಲೀಸನ್. ಮಾಡದ ತಪ್ಪಿಗೆ ಇಷ್ಟು ಶ್ರದ್ಧೆಯಿಂದ ಕಿವಿಗೊಡುವ ಮುಖವನ್ನು ಅವನು ಎಂದೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನೋಡಲಾರದೆ ಕಿಟಕಿಯ ಕಡೆಗೆ ತಿರುಗಿದರೆ ಮೆಟ್ಟಿಲ ಮೇಲೆ ಆಲ್ಮೀಡಾ ಕೈಕಟ್ಟಿ ನಿಂತಿದ್ದಾಳೆ.

"ನನ್ನ ಕಿವಿಗೆ ಬರ್ತಾ ಇಲ್ಲ," ಎಂದು ಆರ್ವೀ ಕಾರು ನಿಲ್ಲಿಸಿದ. "ಬರಲ್ಲ ಅಂದ್ರೆ ಇಲ್ಲ ಅಂತಲ್ಲ. ಆಲ್ಮೀಡಾ, ನಿಂಗೆ ಕೇಳ್ಸುತ್ತಾ?"

ಕೇಳಿಸುತ್ತದೆ ಎಂದಳು ಅವಳು.

"ಹಾಗಾದ್ರೆ ತಪ್ಪು ನಂದೇ. ನಾಳೆ ಒಳಗೆ ಹೋದಾಗ ಹೇಳ್ತೀನಿ, ಸರಿಯಾಗಿ ನೋಡ್ದೆ ತಮ್ಮನಂಥೋನಿಗೆ ಗಾಡಿ ಕೊಟ್ಟೆ ಅಂತ. ಕಿವಿ ಹೋದ್ಮೇಲೂ ಈ ಕೆಲಸ ಹಿಡ್ಕೊಂಡಿದ್ದೇ ಅಹಂಕಾರ. ಇದೇ ಕೊನೇ ಗಾಡಿ ಅಂದ್ಕೊಂಡಿದೀನಿ."

ಅಷ್ಟೆಲ್ಲ ಯಾಕೆ ಎಂದು ಕ್ಲೀಸನ್ ಗೊಣಗಿದ. ಆ ಗೊಣಗು ಆರ್ವೀಯ ಕಿವಿಗೆ ಬೀಳಲಿಲ್ಲ, ಅಥವಾ ಬೀಳುವಷ್ಟು ಗಟ್ಟಿಯಾಗಿ ಅವನು ಗೊಣಗಲಿಲ್ಲ. ಆರ್ವೀ ಆಗಲೇ ಮುಂದಿನ ಗಾಲಿಗಳಿಗೆ ಇಳಿಜಾರುಗಳನ್ನು ಕೊಟ್ಟು ಕಾರನ್ನು ಹತ್ತಿಸಿ, ಒದ್ದೆ ಜಲ್ಲಿಯ ಮೇಲೆ ರಗ್ಗು ಹಾಸಿ ಅಡಿಗೆ ನುಸುಳುತ್ತಿದ್ದ. ಅರವತ್ತು ದಾಟಿದ ಮೈ ಮೊದಲು ಒಂದು ಭುಜ, ಆಮೇಲೆ ಒಂದು ಭುಜ, ಹಾಗೆ ಕಂತು ಕಂತಾಗಿ ಒಳಕ್ಕೆ ಹೋಯಿತು. ಬೂಟುಗಳು ಮಾತ್ರ ಹೊರಗುಳಿದವು. ಎಂಜಿನ್ ಓಡುತ್ತಿರಲಿ, ನೀನು ತಿರುಗಿಸು, ನಾನು ಕೈಯಿಟ್ಟು ನೋಡುತ್ತೇನೆ, ಕೇಳದಿದ್ದರೆ ಬೆರಳಿಗಾದರೂ ಗೊತ್ತಾಗುತ್ತದೆ ಎಂದ. ಕ್ಲೀಸನ್ ಬಾಗಿಲು ತೆರೆದಿಟ್ಟುಕೊಂಡು ಕುಳಿತ. ಎಡಕ್ಕೆ, ನಿಧಾನ, ಎಂದು ಅಡಿಯಿಂದ ಆರ್ವೀ ಕೂಗಿದ.

ಎಡಕ್ಕೆ ತಿರುಗಿಸಿದ. ಕೆರೆತ, ಟಿಕ್. ಸದ್ದು ಎಂಜಿನ್ನಿನ ಕಡೆಯಿಂದ ಬರಲಿಲ್ಲ, ಗಾಲಿಯ ಕಡೆಯಿಂದಲೂ ಅಲ್ಲ, ಅವನ ಮೊಣಕಾಲಿನ ಪಕ್ಕದಿಂದ ಬಂತು. ಮೊದಲಿನಿಂದಲೂ ಅಲ್ಲಿಂದಲೇ ಬರುತ್ತಿತ್ತು. ಅವನು ಎಡಗೈಯನ್ನು ಸ್ಟಿಯರಿಂಗಿನ ಅಡಿಗೆ, ಕತ್ತಲೆಗೆ ಇಳಿಸಿದ. ಬೆರಳಿಗೆ ಏನೋ ಜೋತಾಡುವುದು ಸಿಕ್ಕಿತು, ಬೆರಳು ಗಾತ್ರದ ಕಪ್ಪು ತಂತಿ, ತುದಿಗೆ ಲೋಹದ ಮೂತಿ. ಮುಂದಿನ ಮಡ್‌ಗಾರ್ಡಿನ ಮೇಲಿನ ಏರಿಯಲ್ ಕಡ್ಡಿಯಿಂದ ರೇಡಿಯೋಗೆ ಬರುತ್ತಿದ್ದ ತಂತಿ. ಆ ರಾತ್ರಿ ಚಟಚಟ ಎಂದು ಬಿಟ್ಟುಕೊಂಡದ್ದು ಇದರ ಕೊಂಡಿಗಳು. ಸ್ಟಿಯರಿಂಗಿನ ಕಂಬಿಯ ಗಂಟು ತಿರುಗಿದಾಗಲೆಲ್ಲ ಮೂತಿಯನ್ನು ಎತ್ತಿ ಬಿಡುತ್ತಿತ್ತು. ಅವನು ತಂತಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ಇನ್ನೊಂದು ಸಲ ಎಂದ ಆರ್ವೀ. ಕ್ಲೀಸನ್ ಬಲಗೈಯಿಂದ ತಿರುಗಿಸಿದ. ಸದ್ದಿಲ್ಲ. ಮುಷ್ಟಿ ಬಿಟ್ಟು ತಿರುಗಿಸಿದ, ಟಿಕ್. ಹಿಡಿದ, ಇಲ್ಲ. ಒಂದು ವಾರದ ಭಯ ಕೈಯೊಳಗೆ ತಣ್ಣಗೆ ಕುಳಿತಿತ್ತು, ಬೇಕೆಂದರೆ ಬರುತ್ತಿತ್ತು, ಬೇಡವೆಂದರೆ ನಿಲ್ಲುತ್ತಿತ್ತು. ಹಿಡಿದುಕೊಂಡೇ, ಸರಿಹೋಯಿತು, ನೀನು ಏನೋ ಮುಟ್ಟಿದೆ ಸರಿಹೋಯಿತು ಎಂದುಬಿಟ್ಟರೆ? ಆರ್ವೀ ಏನು ಮುಟ್ಟಿದೆನೆಂದು ತಿಳಿಯದೆ ಸಂತೋಷದಿಂದ ಮನೆಗೆ ಹೋಗುತ್ತಾನೆ, ನಾಳೆ ಕೋಣೆಯಲ್ಲಿ ತಪ್ಪೊಪ್ಪಿಕೊಳ್ಳುತ್ತಾನೆ, ಅವನ ಕೊನೆಯ ಗಾಡಿ ಇದಾಗುತ್ತದೆ, ರೊಟ್ಟಿ ಎಲ್ಲರಿಗೂ ಸಿಗುತ್ತದೆ. ಅಡಿಯಲ್ಲಿ ಜಲ್ಲಿಯ ನೀರು ರಗ್ಗನ್ನು ದಾಟಿ ಬೆನ್ನಿಗೆ ಹತ್ತಿರಬೇಕು, ಆರ್ವೀ ಕೆಮ್ಮಿದ. ಇನ್ನೊಂದು ಸಲ ತಿರುಗಿಸಪ್ಪ ಎಂದ. ಕ್ಲೀಸನ್ ತಿರುಗಿಸಿದ. ಮತ್ತೆ ತಿರುಗಿಸಿದ. ಎಷ್ಟು ಸಲವೋ. ಆ ಬೂಟುಗಳು ಪ್ರತಿ ಸಲವೂ ಸ್ವಲ್ಪ ಮಿಸುಕುತ್ತಿದ್ದವು. ತಲೆಯೆತ್ತಿದರೆ ಆಲ್ಮೀಡಾ ಬಾಗಿಲ ಬಳಿಗೇ ಬಂದು ನಿಂತಿದ್ದಳು. ಅವಳು ನೋಡುತ್ತಿದ್ದುದು ಅವನ ಎಡಗೈಯನ್ನು.

"ಆರ್ವೀ, ಹೊರಗೆ ಬಾ," ಎಂದ. ಎಂಜಿನ್ನಿನ ಸದ್ದಿಗೆ ಆರ್ವೀಗೆ ಕೇಳಲಿಲ್ಲ. ಮತ್ತೆ ಹೇಳಿದ. ಮೂರನೆಯ ಸಲ ಕೂಗಿದ, ಕೂಗುತ್ತಲೇ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಎಂಜಿನ್ ನಿಂತರೂ ದನಿ ಇಳಿಯಲಿಲ್ಲ, ಅಂಗಳಕ್ಕೆಲ್ಲ ಕೇಳುವ ಹಾಗೆ ಹೊರಬಿತ್ತು.

"ತಪ್ಪು ನಿಂದಲ್ಲ. ರೇಡಿಯೋ ತಂತಿ. ಕೀಳೋವಾಗ ನಾನೇ ಸಡಿಲ ಬಿಟ್ಟಿದೀನಿ. ಅದು ತಾಗ್ತಾ ಇದೆ."

 ಅಡಿಯಲ್ಲಿ ಆರ್ವೀ ನಕ್ಕ. ಅದು ತಮಾಷೆಯ ನಗುವಲ್ಲ, ಹೊರೆ ಇಳಿಸಿದವನ ನಗು, ಕೊನೆಗೆ ಕೆಮ್ಮಾಯಿತು. ಅಷ್ಟೇನಾ, ದೇವರು ದೊಡ್ಡವನು, ಅಷ್ಟೇನಾ ಎಂದು ತನಗೆ ತಾನೇ ಹೇಳಿಕೊಂಡ. ಕ್ಲೀಸನ್ನನ ಬೆನ್ನು ಸೀಟಿಗೆ ಒರಗಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತಂತಿ ಕಟ್ಟಿದರೆ ಆಯಿತು, ಬಡಗಿಯ ಅವಸರಕ್ಕೆ ಸಭೆಯವರು ಒಂದು ವಾರ ನಗುತ್ತಾರೆ, ನಗಲಿ. ಹೋದ ಉಸಿರು ಬಂದ ಹಾಗಾಗಿ ಅವನು ಹೆಂಡತಿಯ ಕಡೆಗೆ ನೋಡಿ ಸ್ವಲ್ಪ ನಕ್ಕ.

"ನೀನು ಕೀಳೋಕ್ ಮುಂಚೇನೇ ಸದ್ದು ಬಂತು ಅಂದಿದ್ಯಲ್ಲ," ಅಂದಳು ಆಲ್ಮೀಡಾ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಹೊಲಿಗೆಯನ್ನು ಎಲ್ಲಿಂದ ಬಿಚ್ಚಬೇಕೆಂದು ನೋಡುವವಳ ಹಾಗೆ ಕೇಳಿದಳು. "ಅವತ್ತು ದಾರೀಲಿ. ಅದಕ್ಕೇ ತಡ ಆಯ್ತು ಅಂದೆ. ಆಗ ತಂತಿ ಇನ್ನೂ ರೇಡಿಯೋದಲ್ಲೇ ಇತ್ತು."

ಏನಂತೆ ಎಂದ ಆರ್ವೀ ಅಡಿಯಿಂದ.

ಕ್ಲೀಸನ್ನನ ಕೈಯಲ್ಲಿ ತಂತಿ ಹಾಗೇ ಇತ್ತು. ಆಲ್ಮೀಡಾಗೆ ಪಿಸುಮಾತಿನಲ್ಲಿ ಹೇಳಬಹುದಾಗಿದ್ದನ್ನು ಅಡಿಯಲ್ಲಿದ್ದ ಕಿವುಡನಿಗೂ ಕೇಳುವ ಹಾಗೆ ಹೇಳಬೇಕಾಗಿತ್ತು. ಸದ್ದು ಇರಲಿಲ್ಲ, ಎಂದ. ಏನು ಎಂದ ಆರ್ವೀ. "ಸದ್ದು ಇರ್ಲಿಲ್ಲ. ಸುಳ್ಳು ಹೇಳ್ದೆ. ದಾರಿ ಪೂರ್ತಿ ರೇಡಿಯೋ ಹಾಕ್ಕೊಂಡು ಬಂದೆ. ಸಭಾಮನೆ ಹಿಂದೆ, ಕುದುರೆ ಮಾಡಲ್ಲಿ ನಿಲ್ಲಿಸ್ಕೊಂಡು ಕೇಳ್ದೆ. ಬೇಸ್‌ಬಾಲು. ಮುಗಿಯೋ ತನಕ." ಒಂದೊಂದು ಮಾತನ್ನೂ ಕೂಗಿ ಹೇಳುವಾಗ ಅದು ಬೇರೆ ಯಾರದೋ ಪಾಪದ ಹಾಗೆ, ಬಹಳ ಸಣ್ಣದಾಗಿಯೂ ಬಹಳ ನಾಚಿಕೆಗೇಡಾಗಿಯೂ ಕೇಳಿಸಿತು. ಕೋಳಿಗಳು ಬೇಲಿಯ ಹತ್ತಿರಕ್ಕೆ ಬಂದು ನಿಂತಿದ್ದವು.

ಆರ್ವೀಯ ಬೂಟುಗಳು ಅಲುಗಲಿಲ್ಲ. ಅವನು ಹರಾಜಿನಿಂದ ಎಷ್ಟು ಕಾರುಗಳನ್ನು, ಎಷ್ಟು ವರ್ಷ, ರೇಡಿಯೋ ಇನ್ನೂ ಕೀಳದೆ, ಪಟ್ಟಣದಿಂದ ಒಬ್ಬನೇ ಓಡಿಸಿಕೊಂಡು ಬಂದಿದ್ದನೆಂಬುದು ಕ್ಲೀಸನ್ನನಿಗೆ ಆಗ ಹೊಳೆಯಲಿಲ್ಲ, ಆಮೇಲೆ ಹೊಳೆಯಿತು.

"ಯಾರು ಗೆದ್ರು?" ಎಂದಿತು ಕಾರಿನ ಅಡಿಯಿಂದ ದನಿ.

ಕ್ಲೀಸನ್ ಮುಷ್ಟಿಯಲ್ಲಿದ್ದ ತಂತಿಯನ್ನು ಬಿಟ್ಟ. "ನಮ್ಮೋರು ಸೋತ್ರು," ಎಂದ, ಮೆಲ್ಲಗೆ.

"ಏನಂದೆ?"

ಅವನಿಗೆ ಇನ್ನೊಮ್ಮೆ ಹೇಳಲಾಗಲಿಲ್ಲ. ಆಗ ಆಲ್ಮೀಡಾ ಲಂಗ ಕೆಸರಾಗುವುದನ್ನೂ ನೋಡದೆ ಮುಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ತಲೆ ಬಗ್ಗಿಸಿ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು: "ಸೋತ್ರಂತೆ." ಅವನು ಹೇಳಿದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಈ ವಾರ ಅವಳಿಗೆ ಇದು ಎರಡನೆಯ ಸಲ. ಎದ್ದು ನಿಂತಾಗ ಅವಳ ಮುಖ ಕೆಂಪಾಗಿತ್ತು. ಅಂಗೈ ಚಾಚಿದಳು.

"ಕೀ ಕೊಡು."

ಎಲ್ಲಿಗೆ ಎಂದು ಕೇಳುವ ಧೈರ್ಯ ಅವನಿಗೆ ಬರುವ ಮೊದಲೇ ಅವಳೇ ಹೇಳಿದಳು. "ಲೊವೈನಾ ಹತ್ರ. ಆಮೇಲೆ ಅವತ್ತು ಹೊಲಿಗೆಗೆ ಕೂತಿದ್ದೋರ ಹತ್ರ ಎಲ್ಲ. ನಾಳೆ ನೀನೊಬ್ನೇ ಅಲ್ಲ, ನಾನೂ ಹೋಗ್ಬೇಕು ಆ ಕೋಣೆಗೆ."

ನಾನು ಬರುತ್ತೇನೆ ಎಂದ. ಬೇಡ ಎಂದಳು. ಆರ್ವೀ ಭುಜ ಭುಜವಾಗಿ ಹೊರಗೆ ಬಂದು, ಬೆನ್ನಿನ ಮಣ್ಣು ಕೊಡವಿಕೊಳ್ಳದೆ, ತಂತಿ ಕಟ್ಟಿಕೊಡುತ್ತೇನೆ ಇರಮ್ಮ, ಎರಡು ನಿಮಿಷದ ಕೆಲಸ ಎಂದ. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡು ಕುಳಿತಿದ್ದಳು.

"ಇರ್ಲಿ ಬಿಡಿ. ಹೋಗ್ತಾ ಕೇಳ್ಕೊಂಡು ಹೋಗ್ತೀನಿ."

ಇಳಿಜಾರುಗಳಿಂದ ಕಾರು ಹಿಂದಕ್ಕೆ ಇಳಿಯಿತು. ಇಬ್ಬರು ಗಂಡಸರೂ ಕೆಸರಿನಲ್ಲಿ ನಿಂತು ಅದು ಮನೆಯ ದಾರಿಯುದ್ದಕ್ಕೂ ಹೋಗುವುದನ್ನು ನೋಡಿದರು. ಆರ್ವೀ ಅವನ ಹೆಗಲ ಮೇಲೆ ಕೈಯಿಡಲಿಲ್ಲ, ಇಟ್ಟಿದ್ದರೆ ಕ್ಲೀಸನ್ನನಿಗೆ ತಡೆಯಲಾಗುತ್ತಿರಲಿಲ್ಲ. ದಾರಿಯ ತುದಿಯಲ್ಲಿ ಕಾರು ನಿಂತಿತು. ಲೊವೈನಾಳ ಮನೆಗೆ ಎಡಕ್ಕೆ ಹೋಗಬೇಕು. ಕಾರು ಎಡಕ್ಕೆ ಹೊರಳಿತು. ಅಷ್ಟು ದೂರದಿಂದ ಯಾರ ಕಿವಿಗೂ ಏನೂ ಕೇಳುವ ಹಾಗಿರಲಿಲ್ಲ. ಆದರೂ ಆರ್ವೀ ಕಿವಿಯನ್ನು ಆ ಕಡೆಗೆ ಬಾಗಿಸಿ, ಬಂತಾ ಎಂದು ಕೇಳಿದ.

"ಬಂತು," ಎಂದ ಕ್ಲೀಸನ್.